ಆಯಮ್ಮನ ಸೊಂಟ

ಗಂಡಸರ ವಾರ್ಡಿನ ಆಯಮ್ಮ ಅಂದರೆ ಆ ಆಸ್ಪತ್ರೆಯಲ್ಲಿ ಎಲ್ಲರಿಗೂ ಗೊತ್ತು. ಹೆಸರು ಹಾಜರಿ ಪುಸ್ತಕದಲ್ಲಿತ್ತೋ ಏನೋ, ಅದನ್ನು ಹಿಡಿದು ಕರೆದವರಿಲ್ಲ. ಇಪ್ಪತ್ತೊಂಬತ್ತು ವರ್ಷ ಅವಳು ಮಾಡಿದ್ದು ಒಂದೇ ಕೆಲಸ, ಏಳಲಾರದವರನ್ನು ಏಳಿಸುವುದು. ಹಾಸಿಗೆಯಿಂದ ಗಾಲಿಕುರ್ಚಿಗೆ, ಅಲ್ಲಿಂದ ಬಚ್ಚಲಿಗೆ, ಮತ್ತೆ ಹಾಸಿಗೆಗೆ. ನೋಡಿದರೆ ಐದಡಿಯೂ ಇಲ್ಲದ ಹೆಂಗಸು.

"ಏಳಿ ಯಜಮಾನ್ರೇ, ನನ್ನ ಕುತ್ತಿಗೆಗೆ ಎರಡೂ ಕೈ ಹಾಕಿ. ಹುಂ, ನಿಮ್ಮ ಭಾರ ನನಗೆ ಬಿಡಿ," ಅನ್ನುವಳು. ಅವರು ಬಾವಿಗೆ ಬಿದ್ದವರ ಹಾಗೆ ಜೋತುಬೀಳುವರು. ಅವಳು ಸೊಂಟ ತಿರುವಿ ಒಂದೇ ಉಸಿರಿಗೆ ಕೂರಿಸುವಳು.

ಒಮ್ಮೆ ರೋಗಿಗಳಿಗೆ ಕಸರತ್ತು ಹೇಳಿಕೊಡುವ ಮೇಡಂ ಆಯಾಗಳನ್ನೆಲ್ಲ ಸಾಲಾಗಿ ನಿಲ್ಲಿಸಿ ಪಾಠ ಮಾಡಿದರು. ರೋಗಿಗೆ ಕುತ್ತಿಗೆ ಕೊಡಬಾರದು, ಮಂಡಿ ಬಗ್ಗಿಸಬೇಕು, ಬೆನ್ನು ನೆಟ್ಟಗಿರಬೇಕು, ಸೊಂಟ ತಿರುವದೆ ಹೆಜ್ಜೆ ಇಟ್ಟು ತಿರುಗಬೇಕು, ಮೈಕೆಳಗೆ ಚಾದರ ಹಾಕಿ ಇಬ್ಬರು ಎಳೆಯಬೇಕು ಎಂದರು. ಆಯಮ್ಮ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ನಲವತ್ತು ಮಂಚಕ್ಕೆ ಇರುವುದೇ ಇಬ್ಬರು, ಆ ತುದಿಯವಳು ಈ ತುದಿಗೆ ಬರುವವರೆಗೆ ಮುದುಕನ ಉಚ್ಚೆ ಕಾಯುತ್ತದೆಯೇ ಎಂದು ಪಕ್ಕದವಳಿಗೆ ಪಿಸುಗುಟ್ಟಿದಳು. ಅದೊಂದೇ ಅಲ್ಲ. ಚಾದರದಲ್ಲಿ ಎಳೆದರೆ ಮನುಷ್ಯ ಮೂಟೆಯಾಗಿಬಿಡುತ್ತಾನೆ, ಕುತ್ತಿಗೆ ಸಿಕ್ಕಿದರೆ ಅವನಿಗೆ ಧೈರ್ಯ ಬರುತ್ತದೆ ಅಂತ ಅವಳ ನಂಬಿಕೆ.

ಮೊದಲು ಸೊಂಟ ಹಿಡಿಯಿತು. ಆಮೇಲೆ ನೋವು ಎಡಗಾಲಿಗೆ ಇಳಿಯಿತು. ಹಳೇ ಚಾದರ ಹರಿದು ಹೊಟ್ಟೆಗೆ ಬಿಗಿದುಕೊಂಡು ಕೆಲಸಕ್ಕೆ ಹೋದಳು. ಹೇಳಿದರೆ ವಾರ್ಡು ಬಿಡಿಸುತ್ತಾರೆ, ಅದಕ್ಕೇ ಬಾಯಿಬಿಡಲಿಲ್ಲ. ಗೊತ್ತಿದ್ದವನು ಗಂಡನೊಬ್ಬನೇ. ಆತ ದರ್ಜಿ. ಸಂಜೆ ದಪ್ಪ ಬಟ್ಟೆಯ ಮೇಲೆ ಇಸ್ತ್ರಿಪೆಟ್ಟಿಗೆ ಆಡಿಸಿ, ಬಿಸಿ ಬಟ್ಟೆಯನ್ನು ಅವಳ ಸೊಂಟಕ್ಕೆ ಒತ್ತುತ್ತಿದ್ದ. ದಪ್ಪ ಆಳು, ಬಾಯಿ ಚುರುಕು. "ಊರ ಗಂಡಸರನ್ನೆಲ್ಲ ತಬ್ಬಿ ಎತ್ತಿ ಬರ್ತೀಯಲ್ಲೇ, ನನ್ನ ಸರದಿ ಯಾವಾಗ?" ಎಂದು ಕೆಣಕುವನು. ನಿಮ್ಮನ್ನು ಎತ್ತೋಕೆ ಕ್ರೇನ್ ತರಿಸಬೇಕು ಎಂದು ಅವಳೂ ಬಿಡುತ್ತಿರಲಿಲ್ಲ.

ಒಂದು ದಿನ ಎಡಗಾಲಿನ ಚಪ್ಪಲಿ ಕಳಚಿ ವರಾಂಡದಲ್ಲೇ ಉಳಿಯಿತು. ವಾರ್ಡು ಪೂರ್ತಿ ಸುತ್ತಿ ಬಂದರೂ ಅವಳಿಗೆ ತಿಳಿಯಲಿಲ್ಲ. ಬೆನ್ನುಮೂಳೆಯ ಬಿಲ್ಲೆ ಜಾರಿ ನರ ಒತ್ತಿದೆ, ಇನ್ನು ತುಂಬಿದ ಬಕೆಟ್ಟನ್ನೂ ಎತ್ತಕೂಡದು ಎಂದರು ಡಾಕ್ಟರು. ಬಟ್ಟೆ ಮಡಿಸುವ ಕೋಣೆಯಲ್ಲಿ ಎರಡು ವರ್ಷ ಕೂತು ನಿವೃತ್ತಳಾದಳು.

ಮರುವರ್ಷವೇ ಗಂಡನಿಗೆ ಲಕ್ವ ಹೊಡೆದು ಬಲಭಾಗ ಬಿದ್ದುಹೋಯಿತು. ಅದೇ ಆಸ್ಪತ್ರೆ, ಅದೇ ವಾರ್ಡು. ಆತ ತೊದಲುತ್ತಾ ಹೇಳಿದ್ದು ಒಂದೇ ಮಾತು. ಮನೆಗೆ ಕರೆದುಕೊಂಡು ಹೋಗು, ಬೇರೆಯವರ ಕೈಲಿ ನನ್ನ ಮೈ ಮುಟ್ಟಿಸಬೇಡ. ಮಗಳು ಬೇಡವೆಂದಳು. ಎತ್ತಲು ಒಬ್ಬ ಆಳು ಸಿಗುವವರೆಗೆ ಅಪ್ಪ ಇಲ್ಲೇ ಇರಲಿ, ನಿನ್ನ ಸೊಂಟದ ಕತೆ ನಿನಗೆ ಗೊತ್ತಿಲ್ಲವೇನಮ್ಮ ಎಂದಳು. ಆಯಮ್ಮನಿಗೆ ಎಲ್ಲಿಲ್ಲದ ಸಿಟ್ಟು ಬಂತು. ಕಂಡವರನ್ನೆಲ್ಲ ಎತ್ತಿದವಳು ಕಟ್ಟಿಕೊಂಡವನನ್ನು ಎತ್ತಲಾರೆನೇ ಎಂದು ಹಟ ಹಿಡಿದು ಕರೆತಂದಳು.

ಹದಿನೆಂಟು ದಿನ ಹಲ್ಲು ಕಚ್ಚಿ ನಡೆಸಿದಳು. ಹತ್ತೊಂಬತ್ತನೆಯ ದಿನ ಬೆಳಿಗ್ಗೆ, ಬಚ್ಚಲಲ್ಲಿ ಮೈ ತೊಳೆಸಿ ಕುರ್ಚಿಗೆ ತರುವಾಗ, ಆತ ಒಂದೇ ಕೈಯಲ್ಲಿ ಅವಳ ಕುತ್ತಿಗೆಗೆ ಜೋತುಬಿದ್ದಿದ್ದ. ಅವಳು ಅಭ್ಯಾಸದಂತೆ ಸೊಂಟ ತಿರುವಿದಳು. ಊರಬೇಕಾದ ಎಡಗಾಲು ಇದ್ದೂ ಇಲ್ಲದಂತಾಯಿತು. ಇಬ್ಬರೂ ಒದ್ದೆ ನೆಲಕ್ಕೆ ಬಿದ್ದರು, ಆತ ಕೆಳಗೆ, ಅವಳು ಮೇಲೆ. ಲಟಕ್ಕೆಂದ ಸದ್ದು ತನ್ನ ಬೆನ್ನಿನದೇ ಆಗಿರಲಿ ದೇವರೇ ಎಂದುಕೊಂಡಳು. ಆತನ ತೊಡೆಮೂಳೆಯದಾಗಿತ್ತು, ಸರಿಯಿದ್ದ ಕಾಲಿನದು.

ಮತ್ತೆ ಅದೇ ವಾರ್ಡು. ಆಪರೇಷನ್ ಆಗಿ ವಾರ ಕಳೆದ ಮೇಲೆ ಆತ ಅವಳ ಬೆರಳು ಹಿಡಿದುಕೊಂಡು, "ಮನೆಗೆ ಯಾವತ್ತು ಹೋಗೋಣ?" ಎಂದ.

ಅವಳು ಹೊದಿಕೆ ಸರಿಮಾಡಿದಳು. ನೀರು ಬೇಕಾ ಎಂದಳು. ಆತ ಅವಳ ಬೆರಳು ಬಿಡಲಿಲ್ಲ.

"ನನ್ನ ಕೈಲಿ ಆಗಲ್ಲ ರೀ," ಎಂದಳು. "ನಿಮ್ಮನ್ನ ಎತ್ತೋಕೆ ನನ್ನ ಕೈಲಿ ಆಗಲ್ಲ."

ಆ ವಾರ್ಡಿನಲ್ಲಿ ಅವಳು ಯಾರಿಗೂ ಆಡದಿದ್ದ ಮಾತು. ಏನಾದರೂ ತಮಾಷೆ ಮಾಡುತ್ತಾನೆ ಎಂದು ಕಾದಳು. ಮಾಡಲಿಲ್ಲ.

"ಬಿದ್ದಾಗ ನಿನಗೆ ಪೆಟ್ಟಾಯ್ತೇನೇ?" ಎಂದ.

ಆಮೇಲೆ ಆತ ಮನೆಯ ಸುದ್ದಿಯನ್ನೇ ತೆಗೆಯಲಿಲ್ಲ. ಹಾಸಿಗೆ ಒದ್ದೆಯಾದರೂ ಅವಳಿಗೆ ಹೇಳುತ್ತಿರಲಿಲ್ಲ. ಹೇಳಿದರೆ ಎತ್ತಲು ಬಂದುಬಿಡುತ್ತಾಳೆ ಎಂಬ ಭಯ. ಹೋಗಿ ಟೀ ಕುಡಿದು ಬಾ ಎನ್ನುತ್ತಿದ್ದ. ಅವಳಿಗೆ ಟೀ ಬೇಕಿರಲಿಲ್ಲ. ಆದರೂ ಎದ್ದು ಹೋಗುವಳು. ತಾನು ಹೋಗದೆ ಆತ ಬೇರೆಯವರನ್ನು ಕರೆಯುವುದಿಲ್ಲ, ಹಾಗೇ ನೆನೆದು ಮಲಗಿರುತ್ತಾನೆ ಅಂತ ಗೊತ್ತಿತ್ತು.

ಆ ಮಾತಾಡಿದ ಹನ್ನೊಂದನೆಯ ದಿನ ಹಾಗೆ ಹೋಗಿ ಬರುವಷ್ಟರಲ್ಲಿ ಮಂಚದ ಸುತ್ತ ಪರದೆ ಎಳೆದಿದ್ದರು. ಉಸಿರು ನಿಂತ ಎಷ್ಟೋ ಜನರಿಗೆ ಆ ಪರದೆಯನ್ನು ಅವಳೇ ಎಳೆದಿದ್ದಳು. ಯಾರೂ ಏನೂ ಹೇಳಬೇಕಾಗಲಿಲ್ಲ.