ಬಿರುಕಿನ ನೀರು

ಇವತ್ತು ಬೆಳಿಗ್ಗೆ ಕಾಫಿ ಕುಡಿಯುತ್ತ ಕುಳಿತಿದ್ದಾಗ ಗೂಡಿನಲ್ಲಿದ್ದ ಸ್ಟೀಲ್ ಲೋಟಗಳು ಗಲಗಲ ಎಂದವು. ಮರುಕ್ಷಣ ನಾನು ಬೀದಿಯಲ್ಲಿದ್ದೆ. "ಲಾರಿ ಹೋಯ್ತು ಕಣ್ರಿ, ಒಳಗೆ ಬರ್ರಿ," ಎಂದು ಹೆಂಡತಿ ಬಾಗಿಲಲ್ಲಿ ನಿಂತು ನಕ್ಕಳು. ಕಲ್ಲುಕೋಟೆಯ ದುರ್ಗದಲ್ಲಿ ಹುಟ್ಟಿದವನ ಗುಂಡಿಗೆ ಕಲ್ಲಿನದಿರಬೇಕು ಅಂತ ನಿಮಗೂ ಅನಿಸಬಹುದು. ನನ್ನದು ಹಾಗಿಲ್ಲ, ಏನು ಮಾಡಲಿ.

ಈ ಪುಕ್ಕಲುತನ ನನಗೆ ಅಂಟಿದ್ದು ಹೊಸದುರ್ಗದ ಕಡೆ, ಮಾಡದಕೆರೆಯ ಆಚೆ, ಅಕ್ಕನನ್ನು ಕೊಟ್ಟ ಊರಿನಲ್ಲಿ. ಬಂಡೆಯ ಮೇಲೆ ಕಟ್ಟಿದ ಊರು ಅದು. ಆಗಾಗ ನೆಲ ನಡುಗುತ್ತದೆ ಎಂಬ ಮಾತೂ ಇತ್ತು. ಸುತ್ತ ಬೇಕಾದಷ್ಟು ಬಯಲಿದ್ದರೂ ಈ ಊರಿನ ಹಿರಿಯರು ಇಲ್ಲೇ ಯಾಕೆ ಕೂತರು, ಬಿಟ್ಟು ದುರ್ಗಕ್ಕೆ ಬಂದುಬಿಡು ಎಂದು ಹೋದಾಗಲೆಲ್ಲ ಅವಳನ್ನು ಕೆಣಕುತ್ತಿದ್ದೆ. ಅವಳು ನನ್ನ ತಟ್ಟೆಗೆ ಇನ್ನೊಂದು ಮುದ್ದೆ ಹಾಕುತ್ತಿದ್ದಳು.

ಕೆಲವು ವರ್ಷಗಳ ಹಿಂದೆ ಹಾಗೆ ಉಣ್ಣುತ್ತಿದ್ದಾಗಲೇ ನೆಲ ಗುಡುಗಿತು. ಮಾಳಿಗೆಯ ಮಣ್ಣು ಸಾರಿಗೆ ಉದುರಿತು. "ಕ್ವಾರಿಯೋರು ಬಂಡೆ ಸಿಡಿಸ್ತಾರೆ, ಉಣ್ಣೋ," ಎಂದಳು. ದಿನವೂ ಕೇಳುವ ಸದ್ದು ಅದು. ಮರುಗಳಿಗೆಗೆ ಅವಳ ಮುಖ ಬಿಳಿಚಿತು.

"ಲೇ, ಇವತ್ತು ಭಾನುವಾರ. ಕ್ವಾರಿಗೆ ರಜ!"

ನಾನು ಬೀದಿಗೆ ಓಡಿದೆ. ಊರೆಲ್ಲ ಅಲ್ಲೇ ಇತ್ತು, ಅಕ್ಕ ಇರಲಿಲ್ಲ. ಹುಡುಕಿದರೆ, ಹಿತ್ತಲಿನ ಬಾವಿಯ ಕಟ್ಟೆಗೆ ಎದೆಯೊತ್ತಿ ಒಳಗೆ ಬಗ್ಗಿದ್ದಳು. ಕಟ್ಟೆಯ ಕಲ್ಲು ಇನ್ನೂ ಅದುರುತ್ತಿತ್ತು. "ಸಾಯ್ತೀಯೇನಕ್ಕ, ಈಚೆ ಬಾ!" ಎಂದು ರಟ್ಟೆ ಹಿಡಿದೆಳೆದೆ. ಕೊಸರಿಕೊಂಡಳು.

"ಈ ಬಂಡೆ ಬಿರುಕು ಬಿಟ್ಟಿರೋದಕ್ಕೇ ಇಲ್ಲಿ ನೀರು ಬರೋದು ಕಣೋ. ಬಯಲಾಗೆ ಎಲ್ಲಿ ತೋಡಿದ್ರೂ ಧೂಳು. ಅದಕ್ಕೇ ಇಲ್ಲಿ ಊರು ಕಟ್ಟಿದ್ದು. ಗೋಡೆ ಬಿದ್ರೆ ಮತ್ತೆ ಎಬ್ಬಿಸ್ತೀವಿ. ಒಳಗೆ ಬಿರುಕು ಮುಚ್ಚಿಕೊಂಡ್ರೆ?"

ಕೊಡ ಇಳಿಬಿಟ್ಟೆವು. ಕೆಂಪು ರಾಡಿ ಬಂತು. ಬೀದಿಯಲ್ಲಿದ್ದವರು ಒಬ್ಬೊಬ್ಬರಾಗಿ ಬಂದು ಬಾವಿಯ ಸುತ್ತ ಮಾತಿಲ್ಲದೆ ನಿಂತರು. ನನಗೆ ನೆಲ ನಡುಗಿದ್ದಕ್ಕಿಂತ ಆ ಮೌನಕ್ಕೇ ಹೆಚ್ಚು ಹೆದರಿಕೆಯಾಯಿತು. ಸಂಜೆಗೆ ನೀರು ತಿಳಿಯಾಗುವವರೆಗೂ ಅಕ್ಕ ಕಟ್ಟೆ ಬಿಟ್ಟು ಕದಲಲಿಲ್ಲ.

ಇದೆಲ್ಲ ನೆನಪಾಗಿ, ಕಾಫಿ ಆರುವ ಮೊದಲೇ ಅವಳಿಗೆ ಫೋನು ಮಾಡಿದೆ.

"ನಿನಗ್ಯಾರು ಹೇಳಿದ್ರೋ? ಈಗ ತಾನೆ ಅಲ್ಲಾಡ್ತು," ಎಂದಳು.

ಅಂದರೆ ಲಾರಿಯಲ್ಲ. ಬಿಟ್ಟು ಬಾ ಎನ್ನುವ ಮಾತು ಈ ಸಲ ಬಾಯಿಗೇ ಬರಲಿಲ್ಲ.

"ನೀರು ಐತೇನಕ್ಕ?" ಎಂದೆ.

"ತಡಿ, ಕೊಡ ಬಿಡ್ತಾ ಇದೀನಿ."

ರಾಟೆ ಕಿರುಗುಟ್ಟುತ್ತಿದೆ. ಫೋನನ್ನು ಕಿವಿಗೆ ಒತ್ತಿಕೊಂಡು, ಕೊಡ ನೀರು ಮುಟ್ಟುವ ಸದ್ದಿಗೆ ಉಸಿರು ಹಿಡಿದು ನಿಂತಿದ್ದೇನೆ. ಹಗ್ಗ ಇನ್ನೂ ಇಳಿಯುತ್ತಲೇ ಇದೆ.