ಅಣ್ಣನ ಗಾಳಿ, ಗಂಡನ ಪಾಚಿ

ನಮ್ಮಣ್ಣನಿಗೆ ಹೊಟ್ಟೆಕಿಚ್ಚು. ಮುಚ್ಚುಮರೆ ಯಾಕೆ? ಅದೂ ಯಾರ ಮೇಲೆ, ನನ್ನ ಗಂಡನ ಮೇಲೆ!

ಊರಿನ ಕೊಳಚೆನೀರು ಶುದ್ಧ ಮಾಡುವ ಘಟಕದಲ್ಲಿ ನಾವು ಮೂವರೂ ಕೆಲಸದವರು. ನಾನು ಲ್ಯಾಬಿನಲ್ಲಿ ನೀರು ಪರೀಕ್ಷಿಸುವವಳು. ಅಣ್ಣ ಬ್ಲೋವರ್ ರೂಮಿನ ಯಜಮಾನ. ಕೊಳಚೆ ತಿನ್ನುವ ಬ್ಯಾಕ್ಟೀರಿಯಾಗಳಿಗೆ ಉಸಿರು ಬೇಕಲ್ಲ, ತೊಟ್ಟಿಗಳಿಗೆ ಗಾಳಿ ಊದುವುದು ಅವನ ಯಂತ್ರಗಳು. ಆ ಗದ್ದಲದಲ್ಲೇ ಬದುಕಿ ಮನೆಯಲ್ಲೂ ಕಿರುಚಿಯೇ ಮಾತಾಡುತ್ತಾನೆ.

“ನಾನು ಗಾಳಿ ನಿಲ್ಸಿದ್ರೆ ಊರೇ ಮೂಗು ಮುಚ್ಕೋಬೇಕು!” ಎಂದು ಎದೆಯುಬ್ಬಿಸುತ್ತಿದ್ದ. ನಿಜವೇ ಆಗಿತ್ತು.

ಅಷ್ಟರಲ್ಲಿ ಒಂದು ತೊಟ್ಟಿಯನ್ನು ಪ್ರಯೋಗಕ್ಕೆಂದು ನನ್ನ ಗಂಡನ ಕೈಗೆ ಕೊಟ್ಟರು. ಅದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ. ಬಿಸಿಲು ಬಿದ್ದರೆ ಪಾಚಿಯೇ ಆಮ್ಲಜನಕ ಬಿಡುತ್ತದೆ, ಬ್ಯಾಕ್ಟೀರಿಯಾಗಳಿಗೆ ಅದೇ ಸಾಕು. ಪ್ರಯೋಗ ಗೆದ್ದರೆ ಹಗಲೆಲ್ಲ ಬ್ಲೋವರ್ ರೂಮಿಗೆ ಬೀಗ ಎಂದರು ಎಂಜಿನಿಯರಮ್ಮ. ಅಂದಿನಿಂದ ಅಣ್ಣ ನಮ್ಮ ಮನೆಯಲ್ಲಿ ನೀರು ಕೂಡ ಮುಟ್ಟಲಿಲ್ಲ.

“ಪಾಚಿಯಂತೆ! ಜಾರಿ ಬೀಳಿಸೋದು ಬಿಟ್ರೆ ಇನ್ಯಾತಕ್ಕೆ ಬರುತ್ತೆ ಅದು?” ಎಂದು ಕುದಿಯುತ್ತಿದ್ದ.

ಮೊದಮೊದಲು ಅವನ ಮಾತೇ ಗೆದ್ದಿತು. ಪಾಚಿ ತಳ ಹಿಡಿಯಿತು. ನಮ್ಮವರು ಗಳ ಹಿಡಿದು ಕಲಕಿ ಕಲಕಿ ಸುಸ್ತಾದರು. ಅಣ್ಣನಿಗೆ ಅದೂ ಸಾಲಲಿಲ್ಲ. ರಭಸಕ್ಕೆ ಪಾಚಿ ಚಿಂದಿಯಾಗಲಿ ಎಂದು, ಊಟದ ಹೊತ್ತಿನಲ್ಲಿ ಯಾರೂ ಇಲ್ಲದಾಗ ಆ ತೊಟ್ಟಿಯ ಹಳೆಯ ಗಾಳಿ ಪೈಪಿನ ವಾಲ್ವನ್ನು ದಿನವೂ ಪೂರ್ತಿ ತಿರುಗಿಸತೊಡಗಿದ.

ಏನಾಯಿತು ಗೊತ್ತೇ? ತೊಟ್ಟಿ ಹಚ್ಚಹಸಿರಾಯಿತು! ಗುಳ್ಳೆಗಳು ಪಾಚಿಯನ್ನು ತಳದಿಂದೆಬ್ಬಿಸಿ ಬಿಸಿಲಿಗೆ ತಂದಿದ್ದವು. ನನ್ನ ಪರೀಕ್ಷೆಯಲ್ಲಿ ಕೊಳಚೆ ಅರ್ಧಕ್ಕಿಳಿದಿತ್ತು.

ಎಂಜಿನಿಯರಮ್ಮ ಎಲ್ಲರೆದುರು ನಮ್ಮವರಿಗೆ ಭೇಷ್ ಎಂದರು. ಅಣ್ಣನಿಗೆ ತಡೆದುಕೊಳ್ಳಲಾಗಲಿಲ್ಲ.

“ಅದು ಅವನದ್ದಲ್ಲ, ನನ್ನ ಗಾಳಿ! ವಾಲ್ವ್ ತಿರುಗ್ಸಿದ್ದು ನಾನು!”

“ಯಾಕೆ ತಿರುಗಿಸಿದ್ರಿ?” ಎಂದು ಕೇಳಿದರು ಎಂಜಿನಿಯರಮ್ಮ.

ಅಣ್ಣ ನನ್ನ ಮುಖ ನೋಡಿದ. ಅಯ್ಯೋ, ಸುಳ್ಳಾದರೂ ಹೇಳಬಾರದೇ ಎನಿಸಿತು ನನಗೆ.

“ಹಾಳಾಗ್ಲಿ ಅಂತ,” ಎಂದ ಮೆಲ್ಲಗೆ.

ನಮ್ಮವರೇ ಮುಂದೆ ಬಂದರು. “ಹೋಗ್ಲಿ ಬಿಡಿ ಭಾವ. ನಾಳೆಯಿಂದ ಇಬ್ರೂ ಸೇರಿ ನೋಡ್ಕೊಳ್ಳೋಣ. ಗಾಳಿ ಎಷ್ಟು ಬಿಡ್ಬೇಕು ಅನ್ನೋದು ನಿಮಗೇ ಗೊತ್ತು.”

ಎಂಥ ದೊಡ್ಡ ಮನಸ್ಸು ಎಂದು ಎಲ್ಲರೂ ನಮ್ಮವರನ್ನೇ ಹೊಗಳಿದರು. ಹೊರಟುಹೋದ ಅಣ್ಣನಿಗೆ ಚೆನ್ನಾಗಿ ಉಗಿಯಬೇಕೆಂದು ನಾನು ಗೇಟಿನ ತನಕ ಓಡಿದೆ. ಅವನು ಕಣ್ಣೊರೆಸಿಕೊಳ್ಳುತ್ತಿದ್ದ.

“ನೋಡಿದ್ಯೇನೇ? ಒಳ್ಳೆಯವನೂ ಅವನೇ ಆಗ್ಬಿಟ್ಟ. ನನಗೇನು ಉಳೀತು ಹೇಳು?”