ಸುಣ್ಣದ ಕೆಳಗಿನ ಅಂಗೈ

ಶಹಾಪುರದ ಹೊರಗಿನ ಹತ್ತಿ ಜಿನ್ನಿಂಗ್ ಕಾರ್ಖಾನೆಯಲ್ಲಿ ನಾನು ಇಪ್ಪತ್ತಾರು ವರ್ಷ ಮೇಲ್ವಿಚಾರಕನಾಗಿದ್ದೆ. ಅದು ಮುಚ್ಚಿ ಬಹಳ ಕಾಲವಾಯಿತು. ಈಚೆಗೆ ಅದನ್ನು ಕೆಡವಿ ಪ್ಲಾಟು ಹಾಕುತ್ತಾರೆಂಬ ಸುದ್ದಿ ಬಂತು. ಮರುದಿನವೇ ಸುರಪುರದಿಂದ ನಮ್ಮ ಪ್ರೆಸ್ಸಿನವನ ಹೆಂಡತಿ ಮನೆಗೆ ಬಂದಳು. ಹತ್ತಿ ಒತ್ತಿ ಬೇಲು ಕಟ್ಟುತ್ತಿದ್ದ ಆತ ತೀರಿಕೊಂಡು ಎಂಟು ವರ್ಷ.

“ಸಾಹೇಬ್ರ, ಆಧಾರ ಕಾರ್ಡಿನ್ಯಾಗ ಅವರು ಕಳ್ಳನಂಗ ಕಾಣ್ತಾರ್ರಿ. ಬ್ಯಾರೆ ಫೋಟೊ ಇಲ್ಲ. ಪ್ರೆಸ್ ರೂಮಿನ ಗ್ವಾಡಿ ಮ್ಯಾಲ ಅವರ ಅಂಗೈ ಐತಲ್ರಿ, ಅದರದರ ಫೋಟೊ ತಗದು ಕೊಡ್ರಿ.”

ಹಂಗಾಮಿನ ಮೊದಲ ಬೇಲು ಕಟ್ಟಿದ ದಿನ, ಬೇಲುಗಳ ಮೇಲೆ ನಂಬರು ಹಾಕುವ ಕಪ್ಪು ಮಸಿಯಲ್ಲಿ ಕೈ ಅದ್ದಿ ಗೋಡೆಗೆ ಒತ್ತುವುದು ಪ್ರೆಸ್ಸಿನವರ ರೂಢಿ. ಹಂಗಾಮು ಮುಗಿದೊಡನೆ ಆ ಗೋಡೆಗೆ ಸುಣ್ಣ ಹೊಡೆಸುವುದು ನನ್ನ ರೂಢಿ. ಇದನ್ನು ಆಕೆಗೆ ಹೇಳಲಿಲ್ಲ. ತೆಗೆದುಕೊಡುತ್ತೇನೆ ಎಂದೆ.

ಬೆಳಿಗ್ಗೆ ಆರಕ್ಕೆ ಹೋದೆ. ಕೆಡವುವ ಮುನ್ನ ಎಲ್ಲದರ ಫೋಟೊ ತೆಗೆಯಲು, ಯಾವುದರ ನಂತರ ಯಾವುದು ಎಂದು ಚೀಟಿ ಬರೆದುಕೊಂಡಿದ್ದೆ: ಗೇಟು, ತೂಕದ ಕಟ್ಟೆ, ಗೋದಾಮು, ಜಿನ್ ಹಾಲ್, ಕೊನೆಗೆ ಪ್ರೆಸ್ ರೂಮು. ತಗಡುಗಳು ಕುಸಿದು ಜಾಲಿ ಒಳಗೇ ಬೆಳೆದಿತ್ತು. ಯಂತ್ರಗಳಿದ್ದಲ್ಲಿ ತುಕ್ಕು ಹಿಡಿದ ಬೋಲ್ಟುಗಳಷ್ಟೇ ಉಳಿದಿದ್ದವು. ಪ್ರತಿ ಸಲ ಟೊಂಗೆ ಸರಿಸಿ, ಧೂಳು ಗುಡಿಸಿ, ಆಮೇಲೆ ಮೊಬೈಲಿನಲ್ಲಿ ಫೋಟೊ ತೆಗೆದೆ.

ಪ್ರೆಸ್ ರೂಮಿನ ಗೋಡೆಯಲ್ಲಿ ಸುಣ್ಣ ಉಬ್ಬಿ ಒಂದು ಕಡೆ ಚಕ್ಕೆ ಎದ್ದಿತ್ತು. ಅದರಡಿ ಕಪ್ಪು ಬೆರಳುಗಳು. ಕಿರುಬೆರಳು ಮೊಂಡು. ಅದರ ತುದಿಯನ್ನು ಆತ ಪ್ರೆಸ್ಸಿನಲ್ಲೇ ಕಳೆದುಕೊಂಡಿದ್ದ. ಅವನದೇ ಕೈ.

ಆಗಲೇ ಫೋಟೊ ತೆಗೆದುಬಿಡಬೇಕಿತ್ತು. ಆದರೆ ಅರ್ಧ ಸುಣ್ಣ ಮೆತ್ತಿದ ಅಂಗೈಯನ್ನು ಹಾಗೆಯೇ ತೆಗೆಯಲು ಮನಸ್ಸು ಒಪ್ಪಲಿಲ್ಲ. ಬೀಗದ ಕೈಯಿಂದ ಮೆಲ್ಲಗೆ ಕೆರೆದೆ. ಹೆಬ್ಬೆರಳು ಕಂಡಿತು. ಅಂಗೈಗಾಗಿ ಇನ್ನಷ್ಟು ಒತ್ತಿದೆ. ಎಷ್ಟೋ ಮಳೆ ಕುಡಿದ ಗಿಲಾವು ಒಂದೇ ಹಲಗೆಯಾಗಿ ಕಳಚಿ ನನ್ನ ಕಾಲಬಳಿ ಬಿದ್ದು ಪುಡಿಯಾಯಿತು. ಎದುರಿಗೆ ಬರೀ ಇಟ್ಟಿಗೆ. ಅದನ್ನೇ ಒಂದು ಫೋಟೊ ತೆಗೆದೆ.

ಗೇಟಿನ ಫೋಟೊ ನಾಲ್ಕು, ತೂಕದ ಕಟ್ಟೆಯದು ಮೂರು ಇದ್ದವು. ಅಂಗೈಯದು ಒಂದೂ ಇರಲಿಲ್ಲ.

ಸುರಪುರಕ್ಕೆ ನಾನೇ ಹೋಗಿ ನಡೆದದ್ದನ್ನೆಲ್ಲ ಹೇಳಿದೆ, ವರ್ಷವರ್ಷ ಹೊಡೆಸಿದ ಸುಣ್ಣವನ್ನೂ ಸೇರಿಸಿ. ಆಕೆ ಇಟ್ಟಿಗೆಯ ಫೋಟೊ ನೋಡುತ್ತ ಕುಳಿತಳು.

“ಅವರು ಮನಿಗಿ ಬಂದು ನಿಮಗ ಬೈತಿದ್ರು. ಈ ಸಾಹೇಬ ಗ್ವಾಡಿ ತಿಕ್ಕಿ ತಿಕ್ಕೀನ ಸಾಯ್ತಾನ ಅಂತ,” ಎಂದು ನಕ್ಕಳು. ನನಗೆ ನಗು ಬರಲಿಲ್ಲ.

“ತಪ್ಪಾತು, ತಂಗಿ.”

“ಇರ್ಲಿ ಬಿಡ್ರಿ. ಕಿರಿಬೆರಳು ಕಂಡಿತ್ತೇನ್ರಿ?”

“ಕಂಡಿತ್ತು. ಇಷ್ಟೇ ಇತ್ತು,” ಎಂದು ನನ್ನ ಕಿರುಬೆರಳಿನ ತುದಿಯನ್ನು ಇನ್ನೊಂದು ಕೈಯಿಂದ ಮುಚ್ಚಿ ತೋರಿಸಿದೆ.

“ಇನ್ನೊಂಚೂರು ಕೆಳಗರಿ.”

ಇನ್ನೊಂದು ಚೂರು ಮುಚ್ಚಿದೆ.

“ಹಾಂ, ಅಷ್ಟ,” ಎಂದಳು. ಆಕೆ ನೋಡಿ ಮುಗಿಸುವವರೆಗೆ ನಾನು ಕೈ ತೆಗೆಯಲಿಲ್ಲ.